ಆಕ್ಷೇಪಣೆ ಕಂಡಿಕೆ ಹದಿನಾಲ್ಕಕ್ಕೆ ಉತ್ತರ

ಮಾನ್ಯರೇ,
ಎರಡು ಸಾವಿರದ ಮುನ್ನೂರ ಎಂಬತ್ತು ರೂಪಾಯಿ
ಯಾವ ಲೆಕ್ಕಶೀರ್ಷಿಕೆಯಲ್ಲಿ ಬಿತ್ತೆಂದು ಕೇಳಿದ್ದೀರಿ.
ದರಪಟ್ಟಿ ಇಲ್ಲ, ಆದೇಶವಿಲ್ಲ,
ಅಳತೆ ಪುಸ್ತಕದಲ್ಲಿ ನಮೂದಿಲ್ಲ,
ಕಾಮಗಾರಿಯ ಸ್ಥಳ 'ಸಮುದ್ರದ ಬಾಯಿ' ಎಂದಿದೆ,
ಅದು ನಗರಸಭೆಯ ಹದ್ದಿಗೆ ಬರುತ್ತದೆಯೇ
ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ.

ಬರುವುದಿಲ್ಲ.
ಹದ್ದು ಕೋಣೆನಾಲಾದ ಕೊನೆಯ ಕಲ್ಲಿಗೆ ಮುಗಿಯುತ್ತದೆ.
ಅಲ್ಲಿಂದಾಚೆ ಮರಳು, ಮರಳಿನಾಚೆ ತೆರೆ.
ಊರಿನ ನೀರಿಗೆ ಇದು ಗೊತ್ತಿಲ್ಲ.

ಚರಂಡಿ ನಿರ್ವಹಣೆಗೆ ಕೇಳಿದ್ದು ಹನ್ನೊಂದು ಲಕ್ಷ.
ಸಭೆ ಒಪ್ಪಿದ್ದು ಮೂರು.
ಬಂದದ್ದು ಒಂದೂಕಾಲು, ಅದೂ ಮಾರ್ಚ್ ಇಪ್ಪತ್ತೊಂಬತ್ತಕ್ಕೆ,
ಎರಡು ದಿನದ ಆಯುಷ್ಯ ಹೊತ್ತು.
ಹೂಳು ಎತ್ತಿದೆವು. ಸಾಗಿಸುವ ಟಿಪ್ಪರಿಗೆ ಬೇರೆ ಮಂಜೂರಿ ಬೇಕಿತ್ತು,
ದಡದ ಮೇಲೇ ಗುಡ್ಡೆ ಹಾಕಿದೆವು.
ಜೂನ್ ಏಳರ ಮಳೆ ಅದನ್ನು
ಬಾಡಿಗೆ ಕೇಳದೆ ವಾಪಸು ನಾಲೆಗೆ ಸಾಗಿಸಿತು.

ಅದೇ ನಾಲೆಯ ಎಡಗೋಡೆಗೆ ಎರಡು ಕೋಟಿ ಬಂದಿದೆ.
ಬೇಡವೆನ್ನಲಿಲ್ಲ ನಾವು.
ಗೋಡೆಗೆ ಶಿಲಾಫಲಕವಿದೆ, ಹೆಸರುಗಳಿವೆ.
ಹೂಳು ಎತ್ತಿದ್ದಕ್ಕೆ ಫಲಕ ಎಲ್ಲಿ ನೆಡುವುದು?
ಎತ್ತಿದ ಜಾಗದಲ್ಲಿ ಉಳಿಯುವುದು ಬರೀ ಖಾಲಿ.

ಆ ರಾತ್ರಿ ಅಮಾವಾಸ್ಯೆ.
ಕಚೇರಿಯಲ್ಲಿ ಮಳೆಹಾನಿಯ ನಮೂನೆ ಭರ್ತಿ ಮಾಡುತ್ತಿದ್ದೆ,
ಕಡಲಲ್ಲೂ ಭರ್ತಿ.
ಹನ್ನೊಂದಕ್ಕೆ ಶೆವಂತಿಯ ಫೋನು:
'ಮೇಡಂ, ಅಡುಗೆಮನೆಗೆ ಬಂತು. ಸಿಲಿಂಡರು ತೇಲ್ತಾ ಇದೆ.'
ನಾಲೆಯ ಬಾಯಿಗೆ ತೆರೆಗಳು ಮರಳು ತುರುಕಿದ್ದವು,
ಉಗುಳಲಾಗದ ಊರು ತನ್ನದನ್ನೇ ನುಂಗುತ್ತಿತ್ತು.
ಜೆಸಿಬಿಯವನು ಹೋದ ವರ್ಷದ ಬಿಲ್ಲು ಕೇಳಿದ.
ನಾನು ಫೋನಿಟ್ಟೆ.

ಪುರ್ಸು ತಾಂಡೇಲ ಬಂದ, ಇಬ್ಬರು ತಮ್ಮಂದಿರೊಡನೆ.
ಅಗೆಯಿರಿ ಅಂದೆ.
ಅವನು ಮರಳ ಮೇಲೆ ಕುಕ್ಕರುಗಾಲಲ್ಲಿ ಕೂತ,
ಬೀಡಿ ಹಚ್ಚಲು ನೋಡಿದ, ನೆನೆದಿತ್ತು.
'ಈಗ ತೆಗೆದ್ರೆ ಸಮುದ್ರವೇ ಪ್ಯಾಟೆಗೆ ಬರ್ತದೆ. ಇಳೀಲಿ.'
ಮೂರು ತಾಸು ಕಾದೆವು.
ಆ ಮೂರು ತಾಸಿನ ಕೂಲಿಯನ್ನೂ ಬಿಲ್ಲಿನಲ್ಲಿ ಹಿಡಿದಿದ್ದೇನೆ.
ಕಾಯುವುದೂ ಕೆಲಸವೇ, ಮಾನ್ಯರೇ,
ಅನುದಾನಕ್ಕೆ ಕಾಯುವ ನನಗೆ ಸಂಬಳ ಬರುತ್ತದಲ್ಲ.

ಎರಡೂಮುಕ್ಕಾಲಿಗೆ ಎದ್ದ.
ಗುದ್ದಲಿಯ ಮೂಲೆಯಿಂದ ಒಂದು ಗೆರೆ ಎಳೆದ,
ಪಾಟಿಯ ಮೇಲೆ ಮಗು ಎಳೆದಂತೆ, ಸೊಟ್ಟಗೆ.
ಮೂವರೂ ಸೇರಿ ಒಂದು ಮೊಳ ಅಗಲ ಮಾಡಿದರು, ಅಷ್ಟೇ.
ಉಳಿದದ್ದನ್ನು ನೀರು ತಾನೇ ಅಗೆದುಕೊಂಡಿತು.
ಚಪ್ಪಲಿ, ಗುಟ್ಕಾ ಚೀಟಿ, ಯಾರದೋ ಪ್ಲಾಸ್ಟಿಕ್ ಕುರ್ಚಿ,
ನಾವೇ ಎತ್ತಿದ್ದ ಹೂಳು,
ಎಲ್ಲ ಬುಸುಗುಡುತ್ತ ಕತ್ತಲಿಗೆ ಹೊರಟವು.

ಉದ್ದ, ಅಗಲ, ಆಳ ಕೇಳಿದ್ದೀರಿ.
ಮಧ್ಯಾಹ್ನದ ಭರ್ತಿ ಇಳಿದ ಮೇಲೆ ಟೇಪು ಹಿಡಿದು ಹೋದೆ.
ಮರಳು ನುಣ್ಣಗಿತ್ತು.
ಏಡಿಯೊಂದು ತನ್ನ ಬಿಲದ ಮಣ್ಣನ್ನು
ಗುಂಡು ಗುಂಡಾಗಿ ಹೊರಗೆ ಜೋಡಿಸುತ್ತಿತ್ತು.
ಅಳಿವೆಗೆ ಯಾವ ಅಳತೆ ಬರೆಯಲಿ?
ಕಾಮಗಾರಿಗೆ ಮುಂಚಿನ ಫೋಟೋ: ಕತ್ತಲು.
ನಂತರದ್ದು: ಕತ್ತಲು.
ಶೆವಂತಿಯ ಗೋಡೆಯಲ್ಲಿ ನೀರು ನಿಂತ ಗೆರೆಯಿದೆ, ಮೊಣಕಾಲಿಗೆ.
ಅದರ ಮೇಲೆ ಗೆರೆ ಇಲ್ಲ.
ಇಲ್ಲದ ಆ ಗೆರೆಯನ್ನೇ ದಾಖಲೆಯೆಂದು
ಪರಿಗಣಿಸಲು ಕೋರುತ್ತೇನೆ.

ಒಂದು ತಪ್ಪು ಇದೆ, ನಿಮ್ಮ ಕಣ್ಣಿಗೆ ಬೀಳದ್ದು.
ಚಹಾ, ಬನ್ನು, ಎಂಬತ್ತು ರೂಪಾಯಿ ಎಂದು ಬರೆದಿದ್ದೇನೆ.
ಚಹಾ ಶೆವಂತಿಯದು,
ತೇಲಿದ ಸಿಲಿಂಡರನ್ನು ಮಂಚದ ಮೇಲೆ ಕೂರಿಸಿ
ಕಾಸಿ ತಂದದ್ದು. ಕಾಸು ಮುಟ್ಟಲಿಲ್ಲ.
ಎಂಬತ್ತು ಹೋದದ್ದು ಪುರ್ಸುವಿನ ಬೀಡಿಗೆ, ಮೂವರ ಕವಳಕ್ಕೆ.
ಬೀಡಿಗೆ ಶೀರ್ಷಿಕೆ ಇಲ್ಲ.
ಅಷ್ಟನ್ನು ನನ್ನ ಸಂಬಳದಲ್ಲಿ ಮುರಿದುಕೊಳ್ಳಿ.

ಉಳಿದದ್ದಕ್ಕೆ ಶೀರ್ಷಿಕೆಯನ್ನು ತಾವೇ ಸೂಚಿಸಬೇಕು, ಬೇಗ.
ಮುಂದಿನ ಅಮಾವಾಸ್ಯೆ ಮಂಗಳವಾರ.
ಗುದ್ದಲಿ ಎರಡೂ ನನ್ನ ಮೇಜಿನಡಿ ಇವೆ,
ದಾಸ್ತಾನಿಗೆ ಇನ್ನೂ ಏರಿಸಿಲ್ಲ.