ನಾಲ್ಕು ಗಂಟೆಯ ನೆರಳು

ಕಲಬುರಗಿ ಶಹಾಬಜಾರದ ಓಣಿಯಾಗ ನನ್ನ ಗೇಮಿಂಗ್ ಅಂಗಡಿ:
ಎರಡು ಟಿವಿ, ನಾಲ್ಕು ಕಂಟ್ರೋಲರ್, ಒಂದು ಕೂಲರ್.
ತಾಸಿಗೆ ಮೂವತ್ತು ರೂಪಾಯಿ, ಉದ್ರಿ ಇಲ್ಲ.

ಮೊಮ್ಮಗನ್ನ ಕರೀಲಾಕ ಬಂದ ಮಶಾಕಸಾಬ
ಚಪ್ಪಲಿ ಬಿಟ್ಟು ಬಾಗಿಲದಾಗೇ ನಿಂತ.
ಮೂವತ್ತೊಂದು ವರ್ಷ ಮೈದಾನದ ಪಿಚ್ಚಿಗೆ
ನೀರು ಕುಡಿಸಿದ ಮನುಷ್ಯಾ.
ಪರದೆ ಮ್ಯಾಲ ಬ್ಯಾಟ್ಸಮನ್ ಹಣಿ ಬೆವರು
ಹನಿಹನಿ ಹೊಳೀತಿತ್ತು.
‘ನೋಡ್ರಿ ಚಾಚಾ, ಖರೇ ಮನುಷ್ಯಾನಂಗೇ’ ಅಂದೆ,
ಹೊಸ ಡಿಸ್ಕಿಗೆ ನಾಲ್ಕು ಸಾವಿರ ಕೊಟ್ಟ ಸೊಕ್ಕಿನಾಗ.

ಅವ ಬೆವರು ನೋಡಲಿಲ್ಲ.
‘ಈ ಆಟದಾಗ ಟೈಮ್ ಎಷ್ಟಾಗ್ಯದ?’
ನಾಲ್ಕು, ಅಂದ ಶೋಯೆಬ, ಕಣ್ಣು ಕೀಳದೆ.
‘ಮತ್ತ ಅಂಪೈರನ ನೆರಳು ಕಾಲಾಗ ಯಾಕ ಕುಂತದ?
ನಾಲ್ಕಕ್ಕ ಅದು ಮನುಷ್ಯಾಗಿಂತ ಉದ್ದ ಬೆಳೀಬೇಕು.’

ಆಮ್ಯಾಲ ಮೊಳಕಾಲೂರಿ, ಪರದಿಗೆ ಮಾರಿ ಹಚ್ಚಿ
ಗುಡ್ ಲೆಂತ್ ಜಾಗಾ ಹುಡುಕಿದ,
ಹೊಲದಾಗ ಕಳದ ಕೀಲಿ ಹುಡುಕಿದಂಗ.
ನಮ್ಮ ಕರಿಮಣ್ಣಲ್ಲ ಇದು.
ನಮ್ಮದು ಒಣಗಿದ್ರ ಬಾಯಿ ಬಿಡ್ತದ,
ಆ ಬಾಯಾಗ ಬಿದ್ದ ಚೆಂಡು ಏಳಂಗಿಲ್ಲ,
ಇಲಿ ಹಂಗ ಬುಡಕ ಓಡ್ತದ.

ಸೆಟ್ಟಿಂಗ್ ತೆಗದೆ. ಹುಲ್ಲು, ಇಲ್ಲ. ಬಿರುಕು, ಭಾಳ.
ಸೂರ್ಯಾನ್ನ ಎರಡು ಗೇಣು ಪಡುವಲಕ್ಕ ಸರಿಸಿದೆ.
ಬೌಂಡರಿ ಹೊರಗ ಇಡಲಾಕ ಬೇವಿನ ಗಿಡ ಸಿಗಲಿಲ್ಲ, ತೆಂಗು ಇಟ್ಟೆ;
ಮಶಾಕಸಾಬ ಏನೂ ಅನಲಿಲ್ಲ,
ಆ ಕಡಿ ನೋಡೂದು ಬಿಟ್ಟ, ಅಷ್ಟೇ.

ಆರನೇ ಚೆಂಡು. ಬಿದ್ದದ್ದು ಏಳಲೇ ಇಲ್ಲ.
ಸ್ಟಂಪು ಹಾರ್ತು, ಕಂಟ್ರೋಲರ್ ಗುರ್ರಂತ ನಡುಗ್ತು.
‘ಚೀಟಿಂಗ್!’ ಒದರಿದ ಶೋಯೆಬ.
ಮುದುಕನ ಹೆಬ್ಬೆರಳು ತಾನಾಗೇ
ನನ್ನಂಗಡಿ ಫರಸಿ ಕಲ್ಲು ತಿಕ್ಕಿ ನೋಡ್ತು,
ಹಸಿ ಎಷ್ಟದ ಅಂತ.

‘ಹಾಂ. ಈಗ ಅದ.’

ಚಪ್ಪಲಿ ಮೆಟ್ಟುವಾಗ ಕೇಳಿದ:
‘ಇನ್ನಿಂಗ್ಸ್ ನಡುವ ರೋಲರ್ ಎಳೀತಾರಲ್ಲ, ಅದು ತೋರಸ್ತದೇನು?’
ಇಲ್ಲ ಚಾಚಾ, ಬಟನ್ ಒತ್ತಿದ್ರ ಆತು.
ಹಗುರಂದು, ಭಾರದ್ದು, ಎರಡು ಆಪ್ಷನ್.
‘ಒತ್ತಿದ್ರ ಆತು’ ಅಂದ,
ಎಡಭುಜಾ ಸವರಿಕೊಂತ.

ರಾತ್ರಿ ಶಟರ್ ಇಳಿಸಿ ಒಬ್ಬನೇ ಆಡಿದೆ.
ಇನ್ನಿಂಗ್ಸ್ ಮುಗೀತು, ಭಾರದ್ದು ಒತ್ತಿದೆ.
ಪರದೆ ಕಪ್ಪಾಗಿ ‘ಲೋಡಿಂಗ್’ ಅಂತ ಬಂತು.
ದಿನಾ ಆ ಹೊತ್ತಿನಾಗ ಮೊಬೈಲ್ ನೋಡ್ತಿದ್ದೆ.
ಇವತ್ತು ಸುಮ್ನ ಕುಂತೆ,
ಅಲ್ಲಿ ಯಾರೋ ಎಳೀಲತ್ತಾರ ಅಂತ.