ಎರಡು ಬೆರಳು ಎತ್ತರ

ಕಾರಿನ ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇದೆ:
ಈ ವಾಹನ ಏನನ್ನೂ ಎಳೆಯತಕ್ಕದ್ದಲ್ಲ.
ಜಿನೋವಿ ಕನ್ನಡಕ ಏರಿಸಿ ಎರಡು ಸಲ ಓದಿದ,
ಪುಟ ಮಡಿಸಿದ.
"ಬರೆದವನು ಈರುಳ್ಳಿ ಬೆಳೆದವನಲ್ಲ" ಅಂದ.

ಪೈಪುಸ್ ಸರೋವರದ ದಡದಲ್ಲಿ ನಮ್ಮದು ಒಂದೇ ಬೀದಿಯ ಊರು.
ಒಂದು ಮಗ್ಗುಲು ನೀರು, ಇನ್ನೊಂದು ಮಗ್ಗುಲು ಈರುಳ್ಳಿ ಮಡಿ.
ಹಳೆಯ ನಂಬಿಕೆಯ ಜನ,
ಗಡ್ಡಕ್ಕೆ ಕತ್ತರಿ ತಾಗಿಸದವರು.
ಕಾರೋ, ಬೆಂಕಿಪೊಟ್ಟಣದಷ್ಟು ಫಿಯೆಟ್;
ತಾರ್ತು ಪೇಟೆಯ ದಂತವೈದ್ಯೆ ಬೇಸತ್ತು ಮಾರಿದ್ದು,
ಸೀಟಿನಲ್ಲಿ ಇನ್ನೂ ಲವಂಗದ ವಾಸನೆ.

ನನಗೆ ವೆಲ್ಡಿಂಗ್ ಗೊತ್ತು.
ದೋಣಿ ಕಾರ್ಖಾನೆ ಬಾಗಿಲು ಹಾಕುವ ತನಕ
ಆರು ವರ್ಷ ತಗಡಿಗೆ ತಗಡು ಹೊಲಿದವಳು.
ಹಾಗಾಗಿ ಬೇಲಿಯಾಚೆಯಿಂದ ಕೂಗು:
"ಪೆಲಗೇಯಾ, ನಿನ್ನ ಮುಖವಾಡ ತಗೊಂಡು ಬಾ."

ಮೊದಲು ರಟ್ಟು. ಬೂಟಿನ ಪೆಟ್ಟಿಗೆ ಕತ್ತರಿಸಿ
ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ
ಹಿಡಿದು ನೋಡಿದೆ, ಕತ್ತರಿಸಿದೆ, ಮತ್ತೆ ಹಿಡಿದೆ.
ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿದೆ:
ಗಟ್ಟಿ ಜಾಗ ಠಣ್ ಎಂದು ಉತ್ತರ ಕೊಟ್ಟಿತು;
ತುಕ್ಕು ತಿಂದ ಜಾಗ ಏನೂ ಹೇಳದೆ
ಕಣ್ಣಿಗೆ ಪುಡಿ ಉದುರಿಸಿತು.

ಉಕ್ಕು, ಮುರಿದ ಹಲುಬೆಯದ್ದು.
ಅವನ ಅಪ್ಪನ ಕಾಲದಲ್ಲಿ ಕುದುರೆ ಎಳೆದ ಹಲುಬೆ.
ಎಳೆಯುವುದು ಅದಕ್ಕೆ ಹೊಸತಲ್ಲ, ಅಂದ.
ಬೋಲ್ಟು, ಗುಂಡು ಮಾತ್ರ ಅಂಗಡಿಯಿಂದ:
ಕೈಯಲ್ಲಿ ಹಿಡಿದರೆ ಸಣ್ಣ ಈರುಳ್ಳಿ,
ಆದರೆ ತಣ್ಣಗೆ, ಭಾರ.

ಎತ್ತರಕ್ಕೆ ಬಂದಾಗ ಜಗಳ.
ನಾನು ಅಳತೆಪಟ್ಟಿ ನೆಲಕ್ಕೆ ಊರಿದೆ.
"ಖಾಲಿ ಕಾರಿನ ಅಳತೆ ಸುಳ್ಳಿನ ಅಳತೆ.
ಸಂತೆಗೆ ಖಾಲಿ ಹೋಗುವವರುಂಟೇ?"
ಮುಂದೆ ತಾನು ಕೂತ.
ಆಮೇಲೆ ಅಕ್ಕನನ್ನು ಕರೆದ.

ಉಸ್ತೀನ್ಯಾ ಬಂದಳು,
ಮಡಿಲಲ್ಲಿ ಅರ್ಧ ಹೆಣೆದ ಈರುಳ್ಳಿ ಜಡೆ.
ಹಿಂದಿನ ಸೀಟು ನಿಟ್ಟುಸಿರಿಟ್ಟಿತು,
ಕಾರಿನ ಬೆನ್ನು ನೆಲದತ್ತ ಇಳಿಯಿತು.
"ಅಲುಗಾಡಬೇಡ" ಅಂದೆ.
"ಉಸಿರಾಡಬಹುದೋ?" ಅಂದಳು.
ಒಂದು ಗಂಟೆ ಹಾಗೇ ಕೂತು
ಸರಕಾರಕ್ಕೆ ಬೈದಳು, ದಲ್ಲಾಳಿಗೆ ಬೈದಳು, ನನ್ನ ಪ್ಯಾಂಟಿಗೆ ಬೈದಳು,
ಎರಡು ಜಡೆ ಮುಗಿಸಿದಳು.
ಅಷ್ಟರಲ್ಲಿ ನಾನು ಸೀಮೆಸುಣ್ಣದ ಗೆರೆ ಎಳೆದಿದ್ದೆ.

ಉಳಿದದ್ದು ಬೆಂಕಿಯ ಕೆಲಸ, ಹೇಳುವಂಥದ್ದಲ್ಲ.
ನೀಲಿ ಬೆಳಕು, ಸುಟ್ಟ ತೋಳು,
ತಂತಿ ಅದಲುಬದಲಾಗಿ
ಎಡಕ್ಕೆಂದರೆ ಬಲದ ದೀಪ ಕಣ್ಣು ಹೊಡೆದದ್ದು.
ತಪಾಸಣೆಯ ಅಧಿಕಾರಿ ಕೊಂಡಿಯ ಮೇಲೆ ಹತ್ತಿ ನಿಂತ,
ಎರಡು ಸಲ ಕುಪ್ಪಳಿಸಿದ,
ಇಳಿದು ಸಹಿ ಹಾಕಿದ.

ಮೂರು ಶರತ್ಕಾಲ ಎಳೆಯಿತು.
ಹೆದ್ದಾರಿಯ ಪಕ್ಕ ನಮ್ಮ ಜಡೆಗಳ ಕಂಬ,
ಪಕ್ಕದಲ್ಲಿ ತಾವೆತ್‌ನ ಹೊಗೆಮೀನಿನ ಮೇಜು.
ಅವನೊಂದು ಮೀನು ಕೊಟ್ಟ,
ಇವಳೊಂದು ಜಡೆ ಕೊಟ್ಟಳು;
ಲೆಕ್ಕ ಯಾವತ್ತೂ ಚುಕ್ತಾ ಆಗಲಿಲ್ಲ.
ಅರವತ್ಮೂರನೆಯ ವಯಸ್ಸಿಗೆ ಉಸ್ತೀನ್ಯಾ ಮದುವೆಯಾದಳು.
ಪ್ರಾರ್ಥನಾಮಂದಿರದ ಹಿರಿಯರು ತಿಂಗಳು ಮಾತು ಬಿಟ್ಟರು,
ಆಮೇಲೆ ಮೀನು ಕೊಂಡರು.
ಅವಳ ಪೆಟ್ಟಿಗೆ, ಮಂಚ, ಸಮೋವಾರು
ಹೊತ್ತ ಟ್ರೇಲರನ್ನು ಎಳೆದದ್ದೂ ನಮ್ಮ ಕೊಂಡಿಯೇ.
ಜಿನೋವಿ ದಾರಿಯುದ್ದಕ್ಕೂ ನಿಧಾನ ಓಡಿಸಿದ,
ಹಿಂದಿನವರು ಹಾರ್ನ್ ಹೊಡೆದರೂ.

ಈಗ ಗುಂಡು ಎರಡು ಬೆರಳು ಎತ್ತರ.
ಟ್ರೇಲರ್ ಮೂಗು ಮೇಲೆತ್ತಿ ನಡೆಯುತ್ತದೆ,
ಏರು ಬಂದರೆ ಈರುಳ್ಳಿ ಹಿಂದಕ್ಕೆ ಉರುಳುತ್ತದೆ.
"ಕತ್ತರಿಸಿ ಇಳಿಸಲಾ? ಅರ್ಧ ದಿನದ ಕೆಲಸ" ಅಂದೆ.
"ಇರಲಿ. ಭಾನುವಾರ ಬರ್ತಾಳಲ್ಲ" ಅಂದ.

ಉಳಿದ ದಿನಗಳಿಗೆ
ಹಿಂದಿನ ಸೀಟಿನಲ್ಲಿ ಮೂಟೆ ಕೂರಿಸಿ
ಬೆಲ್ಟು ಬಿಗಿಯುತ್ತಾನೆ.
ಒಂದು ಸಾಲುವುದಿಲ್ಲ, ಒಂದೂವರೆ ಬೇಕು.
ಅದನ್ನು ಅವಳಿಗೆ ಹೇಳಬೇಡವೆಂದು
ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ.