ಯಾವ ಕಲಮಿನಡಿ

ಪಿ.ಬಿ. ರೋಡಿಗೆ ಮುಖ, ಕೋರ್ಟಿನ ಕಾಂಪೌಂಡಿಗೆ ಬೆನ್ನು;
ಬೇವಿನ ಕೆಳಗೆ ನನ್ನ ಟೈಪ್‌ರೈಟರಿಗೆ ಇಪ್ಪತ್ತಾರು ವರ್ಷ.
ಅದರ 'ಳ' ಒಂಚೂರು ಮೇಲಕ್ಕೆ ಹಾರುತ್ತದೆ. ಹಾಗಾಗಿ
ನಾನು ಒತ್ತಿದ ಹೆಂಗಸರೆಲ್ಲ, ಅರ್ಜಿದಾರಳು, ವಾಸವಾಗಿರುವವಳು, ನೊಂದವಳು,
ಸಾಲಿನಿಂದ ಕೂದಲೆಳೆಯಷ್ಟು ಎದ್ದು ನಿಂತಿರುತ್ತಾರೆ.

ಮಂಗಳವಾರ ಪ್ಯಾರೀಜಾನ್ ಬಂದಳು.
ಮಂಡಕ್ಕಿ ಭಟ್ಟಿಯವಳು. ಹುಬ್ಬಿನಲ್ಲಿ ಮಸಿ,
ಸೆರಗಿನ ತುಂಬ ಹೊಟ್ಟಿನ ಹೊಗೆ.
'ಬರ್ಕಳ್ರಿ' ಅಂದಳು, ಕೂರುವ ಮೊದಲೇ.

ಯಾರೋ ಹುಡುಗ. ಬೆಳಗಿನ ಜಾವ ಮೂರೂವರೆಗೆ ಬಂದಿದ್ದಾನೆ,
ಕಾದ ಮರಳಲ್ಲಿ ಅಕ್ಕಿ ಅರಳೋದನ್ನ ತೋರಿಸ್ತೀನಿ ಅಂತ.
ಒಳ್ಳೆಯವನೇ. ಹೋಗುವಾಗ 'ಬರ್ತೀನಮ್ಮಾ' ಅಂದನಂತೆ.
ಅಕ್ಕಿ ಅರಳಿತು. ಜರಡಿ ಆಡಿತು. ಆಮೇಲೆ
ಇವಳು ಒಂದು ಹಿಡಿ ಬಾಯಿಗೆ ಹಾಕಿಕೊಂಡು
ಕಣ್ಣು ಮುಚ್ಚಿ ಅಗಿದಳು.
ಹನ್ನೊಂದು ಸೆಕೆಂಡು.
ಅದಕ್ಕೊಂದು ಕೊಳಲು ಸೇರಿಸಿ
'ದಾವಣಗೆರೆಯ ರುಚಿ' ಅಂತ ಬಿಟ್ಟಿದ್ದಾನೆ.
ನಾಲ್ಕು ಲಕ್ಷ ಮಂದಿ ನೋಡಿದರು. ಸಾಹುಕಾರರೂ ನೋಡಿದರು.
'ದಿನಾ ತಿಂತೀಯೇನು?' ಅಂತ ಕೇಳಿ
ವಾರದ ಬಟವಾಡೆಯಲ್ಲಿ ಇನ್ನೂರು ಹಿಡಿದರು.

'ಇನ್ನೂರು ಹೋಗ್ಲಿ ಬಿಡ್ರಿ. ಅದರ ಮಾತಲ್ಲ.
ನಾನು ಕಣ್ಣು ಮುಚ್ಚಿದ್ದೆ, ನೋಡ್ರಿ.
ಮುಚ್ಚಿದಾಗ ಒಬ್ಬಳೇ ಇದ್ದೆ.'

ಚಹಾ ಹಿಡಿದು ಬಂದ ವಕೀಲ ಕೊಟ್ರೇಶಪ್ಪ ನಿಂತೇ ಕೇಳಿದರು.
ಎಪ್ಪತ್ತೇಳನೇ ಕಲಂ ಬರೋದಿಲ್ಲ, ಅದು ಸ್ನಾನಕ್ಕೆ, ಹಾಸಿಗೆಗೆ.
ಅರವತ್ತಾರು-ಇ ಖಾಸಗಿ ಅಂಗಗಳಿಗೆ;
ಆ ಪಟ್ಟಿಯಲ್ಲಿ ಮುಖ ಇಲ್ಲ.
ಖಾಸಗಿತನ ಹಕ್ಕು, ಹೌದು. ಸುಪ್ರೀಂ ಕೋರ್ಟೇ ಹೇಳಿದೆ.
ಅದನ್ನು ಹಿಡಿದುಕೊಂಡು ಹೋಗೋಕೆ ಬಸ್ ಚಾರ್ಜು ಯಾರು ಕೊಡ್ತಾರೆ?
ಅಲ್ಲದೆ ಭಟ್ಟಿ ಸಾಹುಕಾರರದು. ಅವರು ಹೂಂ ಅಂದಿದ್ದರಲ್ಲ.

'ಕಳವು ಅಂತ ಹಾಕ್ರಿ.'

ಕಳುವಾದದ್ದು ನಿನ್ನ ಹತ್ತಿರ ಇರಬಾರದಮ್ಮ.
ಜರಡಿ ಒಯ್ದರೆ ಜರಡಿ ಇರೋದಿಲ್ಲ.
ಮುಖ ಇಲ್ಲೇ ಇದೆ.
ಅವಳು ಅಂಗೈಯಿಂದ ಗಲ್ಲ ಮುಟ್ಟಿ ನೋಡಿಕೊಂಡಳು.
ಮಸಿ ಇನ್ನಷ್ಟು ಹರಡಿತು.

ಅದನ್ನು ತೆಗೆಸಿ ಅಂತ ಠಾಣೆಗೊಂದು ಅರ್ಜಿ ಕೊಡಬಹುದು,
ಘಟನೆಯ ವಿವರ ಬೇಕು, ಅಂದು ವಕೀಲರು ಹೋದರು.
ವಿವರ ನನ್ನ ಕಸುಬು.
ಜೆರಾಕ್ಸ್ ಹುಡುಗನ ಫೋನು ಈಸಿಕೊಂಡೆ.
ಯಾವ ಕೈ? ಎಡಗೈ. ಇನ್ನೊಂದು ಸಲ.
ಬಳೆ? ಎರಡು, ಹಸಿರು. ಇನ್ನೊಂದು ಸಲ.
ಐದನೆಯ ಸಲಕ್ಕೆ ನನ್ನ ಬೆರಳು ಕೀಲಿಗಳ ಮೇಲಿರಲಿಲ್ಲ.
ಆ ಮುಚ್ಚಿದ ರೆಪ್ಪೆ, ದವಡೆಯ ನಿಧಾನ,
ನಾಲಗೆಗೆ ಉಪ್ಪು ಸಿಕ್ಕ ಗಳಿಗೆ...
ಜೆರಾಕ್ಸಿನವನೂ ಬಗ್ಗಿದ್ದ. ಚಹಾದವನೂ.

ತಲೆ ಎತ್ತಿದರೆ
ಅವಳು ನಮ್ಮನ್ನು ನೋಡುತ್ತಿದ್ದಳು.

ಎರಡು ಫೋಟೋ ಬೇಕಮ್ಮಾ ಅಂದೆ, ಏನಾದರೂ ಅನ್ನಬೇಕಲ್ಲ.
ಸ್ಟುಡಿಯೋಗೆ ಹೋಗಿ ಬಂದಳು. 'ತಗೀಲಾ ಅಂತ ಕೇಳಿದ ರೀ'
ಕವರು ಕೊಡುತ್ತ ಹೇಳಿದಳು, ದೊಡ್ಡ ಸುದ್ದಿಯ ಹಾಗೆ.
ಫೋಟೋದಲ್ಲಿ ಕಣ್ಣು ಅಗಲಕ್ಕೆ ತೆರೆದಿವೆ,
ರೆಪ್ಪೆ ಬಡಿದರೆ ಯಾರೋ ಒಳಗೆ ಬಂದಾರು ಎಂಬಂತೆ.

ಕೊನೆಯಲ್ಲಿ 'ಅರ್ಜಿದಾರಳು' ಎಂದು ಒತ್ತಿದೆ.
ಳ ಎಂದಿನಂತೆ ಎದ್ದು ನಿಂತಿತು.

ಪ್ಯಾರೀಜಾನ್ ಅವಳ ಹೆಸರಲ್ಲ, ಅಷ್ಟು ಕಾನೂನು ನನಗೂ ಗೊತ್ತು.
ಮಸಿ, ಹಸಿರು ಬಳೆ, ಆ ಒಂದು ಹಿಡಿ
ಇದ್ದ ಹಾಗೆಯೇ ಇಲ್ಲಿ ಬಂದಿವೆ.
ಅವಳನ್ನು ಕೇಳಲಿಲ್ಲ.